ಬರಿಗಾಲಿನ ಚೆಂಡಾಟಗಾರ ಅಹಮದ್ ಖಾನರು

ಕೂಟಗಲ್ಲಿನಂತಹ ಬಂಡೆಗಳ ಸೀಮೆಯಲ್ಲಿ ಶಾಲೆ ಬಿಟ್ಟ ಮೇಲೆ ಬಯಲಿಗೆ ಓಡಿ ಬರಿಗಾಲಿನಲ್ಲೇ ಚೆಂಡೊದ್ದು ಬೆಳೆದವರು ತಲೆತಲಾಂತರದಿಂದ ಇದ್ದಾರೆ. ಅದು ಅನುಕೂಲವಿಲ್ಲದವರ ಆಟ, ಬೂಟು ಕೊಳ್ಳುವ ಶಕ್ತಿ ಬಂದೊಡನೆ ಬಿಡತಕ್ಕದ್ದು ಎಂಬುದು ಸಾಮಾನ್ಯ ಅಭಿಪ್ರಾಯ. ಆದರೆ ಒಂದು ಕಾಲದಲ್ಲಿ ಭಾರತದ ಶ್ರೇಷ್ಠ ಆಟಗಾರರು ಬರಿಗಾಲಿನಲ್ಲೇ ಒಲಿಂಪಿಕ್ಸಿನವರೆಗೆ ನಡೆದು ಹೋದರು. ಅವರಲ್ಲಿ ಅಗ್ರಗಣ್ಯರಾದ ಅಹಮದ್ ಖಾನರು ಇಲ್ಲಿಗೆ ಸಮೀಪದ ಬೆಂಗಳೂರಿನವರು.

ಅಹಮದ್ ಖಾನರು ಜನಿಸಿದ್ದು 1926ರ ಡಿಸೆಂಬರ್ 24ರಂದು. ತಂದೆಯವರೂ ಚೆಂಡಾಟಗಾರರು, ಮನೆಯಲ್ಲಿ ಆಟವು ಕುಲವಿದ್ಯೆಯಂತೆ ನೆಲೆಸಿತ್ತು. 1809ರಲ್ಲಿ ಸ್ಥಾಪಿತವಾದ ಬೆಂಗಳೂರಿನ ದಂಡುಪ್ರದೇಶದಲ್ಲಿ ಆಂಗ್ಲ ಸೈನಿಕರು ಮೈದಾನಗಳಲ್ಲಿ ಆಡುತ್ತಿದ್ದರು. ಸುತ್ತಣ ಬಡಾವಣೆಗಳ ಬಾಲಕರು ಅಂಚಿನಲ್ಲಿ ನಿಂತು ನೋಡಿ ಕಲಿಯುತ್ತಿದ್ದರು. ಅವರ ಬೂಟುಗಳು ಈ ಬಾಲಕರಿಗೆ ದೊರೆಯಲಿಲ್ಲ, ವಿದ್ಯೆ ಮಾತ್ರ ದೊರೆಯಿತು. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡವು ಮುಂಬಯಿಯ ರೋವರ್ಸ್ ಕಪ್ಪನ್ನು ಗೆದ್ದುಕೊಂಡಿತು. ಅದುವರೆಗೆ ಸೈನ್ಯದ ತಂಡಗಳ ಪಾಲಾಗಿದ್ದ ಆ ಬಟ್ಟಲು ಭಾರತೀಯರ ತಂಡವೊಂದರ ಕೈಗೆ ಬಂದದ್ದು ಅದೇ ಮೊದಲು. ಮರುವರ್ಷವೂ ಅದು ಬೆಂಗಳೂರಿಗೇ ಬಂದಿತು. ಆಗ ಅಹಮದ್ ಖಾನರು ಹತ್ತು ಹನ್ನೊಂದು ವರ್ಷದ ಬಾಲಕ. ಮುಂದೆ ಅದೇ ತಂಡದಲ್ಲಿ ಆಡಿ ಅವರು ಹೆಸರು ಗಳಿಸಿದರು.

ಅಂದಿನ ಆಟದ ವಿನ್ಯಾಸ ಇಂದಿನದಲ್ಲ. ಗೋಲಿ, ಇಬ್ಬರು ರಕ್ಷಕರು, ಮೂವರು ಹಾಫ್‌ಬ್ಯಾಕುಗಳು, ಮುಂದೆ ಸಾಲಾಗಿ ಐವರು. ಅಹಮದ್ ಖಾನರ ಸ್ಥಾನ ಇನ್‌ಸೈಡ್ ಲೆಫ್ಟ್, ಎಂದರೆ ಮುಂಚೂಣಿಯ ಎಡ ಒಳಭಾಗ. ಹೆಸರಿಗೆ ಮುಂಚೂಣಿಯಾದರೂ ಆ ಸ್ಥಾನದವನು ಹಿಂದೆ ಸರಿದು ಹಾಫ್‌ಬ್ಯಾಕುಗಳಿಂದ ಚೆಂಡನ್ನು ಪಡೆದು, ಎದುರಾಳಿಗಳ ನಡುವೆ ದಾರಿ ಬಿಡಿಸಿಕೊಂಡು, ಮುಂದಿನವರಿಗೆ ಮುಟ್ಟಿಸಬೇಕು. ಇಂದು ಮಿಡ್‌ಫೀಲ್ಡರ್ ಎಂದು ಕರೆಯುವವನ ಕಾರ್ಯ ಬಹುಮಟ್ಟಿಗೆ ಇದೇ. ಗೋಲು ಹೊಡೆದವನ ಹೆಸರು ಪತ್ರಿಕೆಯಲ್ಲಿ ಬರುತ್ತದೆ. ಹೊಡೆಯುವಂತೆ ಮಾಡಿದವನನ್ನು ಮೈದಾನದಲ್ಲಿದ್ದವರು ಮಾತ್ರ ಬಲ್ಲರು. ಬರಿಗಾಲಿನ ಬೆರಳುಗಳಿಂದ, ಅಂಗಾಲಿನಿಂದ ಚೆಂಡನ್ನು ಅವರು ಮುದ್ದಿಸುತ್ತಿದ್ದ ಬಗೆಯನ್ನು ಕಂಡು ಜನ ಅವರನ್ನು ಹಾವಾಡಿಗ ಎಂದು ಕರೆದರು. ಹೆಸರು ಸೊಗಸಾಗಿದೆ. ಆದರೆ ಆ ರೂಪಕದಲ್ಲಿ ಹಾವು ಯಾವುದು ಎಂಬುದು ವಿಚಾರಣೀಯ. ಚೆಂಡು ಪುಂಗಿಯ ಸ್ಥಾನದಲ್ಲಿತ್ತು. ಅದರ ಎದುರು ಎಡಕ್ಕೂ ಬಲಕ್ಕೂ ತೂಗಾಡಿದ್ದು ಎದುರಾಳಿಯೇ.

1948ರ ಲಂಡನ್ ಒಲಿಂಪಿಕ್ಸಿಗೆ ಆಯ್ಕೆಯಾದಾಗ ಅವರಿಗೆ ಇಪ್ಪತ್ತೊಂದು ವರ್ಷ. ಸ್ವತಂತ್ರ ಭಾರತಕ್ಕೆ ಇನ್ನೂ ಒಂದು ವರ್ಷವೂ ತುಂಬಿರಲಿಲ್ಲ. ಜುಲೈ 31ರಂದು ಇಲ್‌ಫರ್ಡಿನಲ್ಲಿ ಫ್ರಾನ್ಸಿನ ಎದುರು ಆಡಿದ ಭಾರತೀಯರಲ್ಲಿ ಹೆಚ್ಚಿನವರು ಬರಿಗಾಲಿನವರು. ಭಾರತಕ್ಕೆ ಎರಡು ಪೆನಾಲ್ಟಿಗಳು ದೊರೆತವು, ಎರಡೂ ವ್ಯರ್ಥವಾದವು. ಮೈಸೂರು ಸಂಸ್ಥಾನದ ಪರ ಆಡಿ ಬೆಳೆದಿದ್ದ ಸಾರಂಗಪಾಣಿ ರಾಮನ್ನರು ಒಂದು ಗೋಲು ಹೊಡೆದರು. ಒಲಿಂಪಿಕ್ಸಿನಲ್ಲಿ ಭಾರತದ ಮೊದಲ ಗೋಲು ಅದು. ಪಂದ್ಯ ಮುಗಿಯಲು ಕೆಲವೇ ಕ್ಷಣಗಳಿದ್ದಾಗ ಫ್ರಾನ್ಸ್ ಎರಡನೆಯ ಗೋಲು ಹೊಡೆದು ಗೆದ್ದಿತು. ಸೋತವರನ್ನೇ ಪ್ರೇಕ್ಷಕರು ಹೆಚ್ಚು ಮೆಚ್ಚಿದರು.

ಮರುವರ್ಷ ಅವರ ಬಾಳಿನ ದಿಕ್ಕು ಬದಲಾಯಿತು. ಕಲ್ಕತ್ತೆಯ ಈಸ್ಟ್ ಬೆಂಗಾಲ್ ಕ್ಲಬ್ಬಿನ ಕಾರ್ಯದರ್ಶಿ ಜ್ಯೋತಿಷಚಂದ್ರ ಗುಹರು ದಕ್ಷಿಣ ಭಾರತದ ಐವರನ್ನು ಒಂದೇ ಮುಂಚೂಣಿಯಲ್ಲಿ ಕೂಡಿಸಿದರು: ವೆಂಕಟೇಶ್, ಅಪ್ಪಾರಾವ್, ಧನರಾಜ್, ಅಹಮದ್ ಖಾನ್, ಸಾಲೇ. ಕಲ್ಕತ್ತೆಯ ಜನ ಅವರನ್ನು ಪಂಚಪಾಂಡವರೆಂದರು. ಯಾರು ಧರ್ಮರಾಯ, ಯಾರು ಭೀಮ ಎಂದು ಅವರು ಹಂಚಿಕೊಡಲಿಲ್ಲ. ಹಂಚುವುದಾದರೆ ಅಹಮದ್ ಖಾನರಿಗೆ ಸಹದೇವನ ಸ್ಥಾನ ಸಲ್ಲಬೇಕು. ಮುಂದಾಗುವುದನ್ನು ಬಲ್ಲವನು ಸಹದೇವ, ಆದರೆ ಕೇಳಿದ ಹೊರತು ನುಡಿಯನು ಎಂಬುದು ಜನಪದರ ನಂಬಿಕೆ. ಸಂಗಡಿಗನು ಮೂರು ಹೆಜ್ಜೆಯ ಮೇಲೆ ಎಲ್ಲಿರುವನೆಂಬುದನ್ನು ಮೊದಲೇ ಅರಿತು ಅಲ್ಲಿಗೆ ಚೆಂಡು ಕಳುಹಿಸುತ್ತಿದ್ದವರಿಗೆ ಇದಕ್ಕಿಂತ ಒಪ್ಪುವ ಹೋಲಿಕೆ ಇಲ್ಲ.

1949ರಲ್ಲೇ ಆ ಕ್ಲಬ್ಬು ಕಲ್ಕತ್ತಾ ಲೀಗ್, ಐ.ಎಫ್.ಎ. ಶೀಲ್ಡ್, ರೋವರ್ಸ್ ಕಪ್ ಮೂರನ್ನೂ ಗೆದ್ದಿತು. ಶೀಲ್ಡನ್ನು 1949, 1950, 1951 ಹೀಗೆ ಸತತವಾಗಿ ಮೂರು ವರ್ಷ ಉಳಿಸಿಕೊಂಡಿತು. ದೆಹಲಿಯ ಡ್ಯುರಾಂಡ್ ಕಪ್ 1951 ಮತ್ತು 1952ರಲ್ಲಿ ಅವರದಾಯಿತು.

ಆದರೆ ಈ ಗೆಲುವುಗಳ ಬೆಲೆಯನ್ನು ಬಟ್ಟಲುಗಳ ಸಂಖ್ಯೆಯಿಂದ ಅಳೆಯಲಾಗದು. ಕ್ಲಬ್ಬಿನ ಹೆಸರೇ ಹೇಳುವಂತೆ ಅದರ ಅಭಿಮಾನಿಗಳ ಮೂಲ ಪೂರ್ವ ಬಂಗಾಳ. 1947ರ ವಿಭಜನೆಯಿಂದ ಆ ನಾಡು ಪರದೇಶವಾಯಿತು. ಮನೆ, ಗದ್ದೆ, ಕೊಳ, ಪೂಜಾಗೃಹ ಎಲ್ಲವನ್ನೂ ತೊರೆದು ಬಂದ ಲಕ್ಷಾಂತರ ಜನ ಕಲ್ಕತ್ತೆಯ ರೈಲು ನಿಲ್ದಾಣಗಳಲ್ಲಿ, ಶಿಬಿರಗಳಲ್ಲಿ, ತಾವೇ ಕಟ್ಟಿಕೊಂಡ ಗುಡಿಸಲುಗಳಲ್ಲಿ ಕಾಲ ಕಳೆಯುತ್ತಿದ್ದರು. ತಮ್ಮ ಊರಿನ ಹೆಸರನ್ನು ತಲೆಯೆತ್ತಿ ಹೇಳಿಕೊಳ್ಳಲು ಅವರಿಗೆ ಉಳಿದಿದ್ದ ತಾಣಗಳಲ್ಲಿ ಆ ಕ್ಲಬ್ಬಿನ ಮೈದಾನವೂ ಒಂದು. 1946ರ ಮಹಾಗಲಭೆಯನ್ನು ಕಂಡ ನಗರ ಅದು. 1950ರಲ್ಲಿ ಎರಡೂ ಬಂಗಾಳಗಳಲ್ಲಿ ಮತ್ತೆ ರಕ್ತ ಹರಿಯಿತು. ಹಿಂದೂ ಮುಸಲ್ಮಾನರ ನಡುವೆ ವಿಶ್ವಾಸವು ನೆಲಕಚ್ಚಿದ್ದ ಆ ದಿನಗಳಲ್ಲಿ, ನೆಲೆ ಕಳೆದುಕೊಂಡು ಬಂದ ಹಿಂದೂ ಜನಸ್ತೋಮವು ಬೆಂಗಳೂರಿನ ಅಹಮದ್ ಖಾನರನ್ನೂ ಕೇರಳದ ಸಾಲೇಯವರನ್ನೂ ಪಾಂಡವರೆಂದು ಕರೆದು ಹೃದಯದಲ್ಲಿ ಇರಿಸಿಕೊಂಡಿತು. ಇದನ್ನು ಯಾರೂ ಬೋಧಿಸಿ ಮಾಡಿಸಲಿಲ್ಲ, ಯಾವ ಸಭೆಯೂ ನಿರ್ಣಯಿಸಲಿಲ್ಲ. ಹಸಿದವರು ನಾಲ್ಕಾಣೆ ಉಳಿಸಿ ಬಂದು ಮಳೆಯಲ್ಲಿ ನಿಂತು ಈ ಆಟವನ್ನು ನೋಡಿದ್ದರೆ ಆಶ್ಚರ್ಯವಿಲ್ಲ.

1950ರಲ್ಲಿ ಬ್ರೆಜಿಲಿನ ವಿಶ್ವಕಪ್ಪಿಗೆ ಭಾರತಕ್ಕೆ ಅವಕಾಶ ಒದಗಿತ್ತು, ತಂಡ ಹೋಗಲಿಲ್ಲ. ಬರಿಗಾಲಿನವರಿಗೆ ಅಲ್ಲಿ ಪ್ರವೇಶ ನಿರಾಕರಿಸಿದ್ದೇ ಕಾರಣವೆಂದು ಪ್ರತೀತಿ. ಅದನ್ನು ಪೂರ್ತಿ ನಂಬಬೇಕಾಗಿಲ್ಲ. ದೀರ್ಘ ಪ್ರಯಾಣ, ಸಿದ್ಧತೆಯ ಕೊರತೆ, ಒಲಿಂಪಿಕ್ಸಿಗಿಂತ ವಿಶ್ವಕಪ್ಪು ಕಿರಿದೆಂಬ ಅಂದಿನ ಎಣಿಕೆ ಇವೆಲ್ಲ ಕೂಡಿದ್ದವು. ಹೇಗಾದರೂ ಇಪ್ಪತ್ಮೂರರ ಹರೆಯದ ಅಹಮದ್ ಖಾನರ ಆಟವನ್ನು ಬ್ರೆಜಿಲ್ ಕಾಣಲಿಲ್ಲ. ಮರುವರ್ಷ ದೆಹಲಿಯಲ್ಲಿ ನಡೆದ ಮೊದಲ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತವು ಇಂಡೋನೇಷ್ಯ, ಆಫ್ಘಾನಿಸ್ತಾನಗಳನ್ನು ಸೋಲಿಸಿ, ಅಂತಿಮ ಪಂದ್ಯದಲ್ಲಿ ಮೇವಾಲಾಲರ ಏಕೈಕ ಗೋಲಿನಿಂದ ಇರಾನನ್ನು ಗೆದ್ದು ಚಿನ್ನದ ಪದಕ ಪಡೆಯಿತು. ಆ ತಂಡದಲ್ಲಿ ಖಾನರಿದ್ದರು.

ಇನ್ನು ಹೆಲ್ಸಿಂಕಿಯ ಪ್ರಸಂಗ. 1952ರ ಜುಲೈ 15ರಂದು ಭಾರತವು ಯುಗೊಸ್ಲಾವಿಯವನ್ನು ಎದುರಿಸಿತು. ಫಿನ್ಲೆಂಡಿನ ಚಳಿ, ಬರಿಗಾಲಿಗೆ ಅದು ತೀರ ಅಪರಿಚಿತ. ಎದುರಿಗಿದ್ದವರು ಆ ಒಲಿಂಪಿಕ್ಸಿನ ಅಂತಿಮ ಪಂದ್ಯದವರೆಗೆ ಹೋಗಿ ಬೆಳ್ಳಿಯ ಪದಕ ಪಡೆದವರು. ಗೋಲುಗಳು ಒಂದರ ಮೇಲೊಂದು ಬಿದ್ದವು, ಹತ್ತರವರೆಗೆ. ಅಷ್ಟು ಹೊತ್ತಿಗೆ ಯಾವ ಆಟಗಾರನಾದರೂ ಸೀಟಿಯ ಸದ್ದನ್ನೇ ಕಾದಿರುತ್ತಾನೆ. ಪಂದ್ಯ ಮುಗಿಯಲು ಒಂದು ನಿಮಿಷ ಉಳಿದಿರುವಾಗ ಅಹಮದ್ ಖಾನರು ಗೋಲು ಹೊಡೆದರು. ಭಾರತಕ್ಕೆ ಅದೊಂದೇ. ಹತ್ತಕ್ಕೆ ಒಂದು ಎಂಬ ಸೋಲಿನಲ್ಲಿ ಆ ಒಂದನ್ನು ಲೆಕ್ಕಿಸುವವರು ಕಡಮೆ. ಆದರೆ ಮೈಮರಗಟ್ಟಿ, ಮನಸ್ಸು ಕುಗ್ಗಿ, ಫಲದ ಆಸೆ ಪೂರ್ತಿ ನಂದಿದ ಮೇಲೂ ಎಂಬತ್ತೊಂಬತ್ತನೆಯ ನಿಮಿಷದಲ್ಲಿ ಆಟವನ್ನು ಆಟವಾಗಿಯೇ ಆಡುತ್ತಿದ್ದ ಒಬ್ಬರು ಆ ತಂಡದಲ್ಲಿದ್ದರು ಎಂಬುದಕ್ಕೆ ಆ ಗೋಲೇ ಸಾಕ್ಷಿ.

ಆ ಸೋಲಿನ ತರುವಾಯ ಅಖಿಲ ಭಾರತ ಫುಟ್‌ಬಾಲ್ ಸಂಸ್ಥೆಯು ಬೂಟನ್ನು ಕಡ್ಡಾಯಗೊಳಿಸಿತು. ಆ ನಿರ್ಣಯ ಯುಕ್ತವೇ. 1956ರ ಮೆಲ್ಬರ್ನಿನಲ್ಲಿ ಬೂಟು ತೊಟ್ಟ ಭಾರತ ತಂಡ, ಹಾಫ್‌ಬ್ಯಾಕ್ ಕೆಂಪಯ್ಯನವರೂ ಸೇರಿದ್ದ ತಂಡ, ನಾಲ್ಕನೆಯ ಸ್ಥಾನ ಪಡೆಯಿತು. ಆದರೆ ಇಪ್ಪತ್ತಾರರ ವಯಸ್ಸಿನಲ್ಲಿ, ಕೀರ್ತಿಯ ಶಿಖರದಲ್ಲಿ ನಿಂತವರಿಗೆ ತಮ್ಮ ಕಲೆಯ ಮೂಲಸಾಧನವನ್ನೇ ತೊಗಲಿನಲ್ಲಿ ಮುಚ್ಚಿಕೊಳ್ಳಬೇಕಾದದ್ದು ಸಾಮಾನ್ಯ ಸಂಗತಿಯಲ್ಲ. ಬಾಲ್ಯದಿಂದ ಬೆರಳುಗಳಿಂದ ತಂತಿ ಮೀಟಿದ ವೈಣಿಕನಿಗೆ ಕೈಚೀಲ ತೊಟ್ಟು ನುಡಿಸೆಂದರೆ ಹೇಗೋ ಹಾಗೆ. ಖಾನರು ಆಟ ಬಿಡಲಿಲ್ಲ, ಹೊಸದಾಗಿ ಕಲಿತರು. 1953ರಲ್ಲಿ ಕ್ಲಬ್ಬು ರುಮೇನಿಯ ಮತ್ತು ಸೋವಿಯತ್ ಒಕ್ಕೂಟಗಳಿಗೆ ಪ್ರವಾಸ ಹೋಯಿತು. 1954ರ ಮನಿಲಾ ಏಷ್ಯನ್ ಕ್ರೀಡಾಕೂಟದಲ್ಲಿ ಅವರು ಮತ್ತೆ ಭಾರತಕ್ಕಾಗಿ ಆಡಿದರು. ತಂಡ ಮೊದಲ ಸುತ್ತು ದಾಟಲಿಲ್ಲ. ಪಾಂಡವರ ಕೂಟ ಚದುರಿತು. ಅಹಮದ್ ಖಾನರು ಮಾತ್ರ ಅದೇ ಕ್ಲಬ್ಬಿನಲ್ಲಿ ಉಳಿದು ಅದರ ನಾಯಕತ್ವವನ್ನೂ ವಹಿಸಿದರು. ವರ್ಷ ವರ್ಷ ಕ್ಲಬ್ಬು ಬದಲಿಸುವುದು ಕಲ್ಕತ್ತೆಯಲ್ಲಿ ವಾಡಿಕೆಯಾಗಿದ್ದ ಕಾಲದಲ್ಲಿ, 1949ರಿಂದ 1959ರವರೆಗೆ ಒಂದೇ ಅಂಗಿ ತೊಟ್ಟವರು ಅವರು. ಆ ನಡುವೆ 1956ರಲ್ಲಿ ಡ್ಯುರಾಂಡ್ ಕಪ್ ಮತ್ತೊಮ್ಮೆ ಅವರ ಕ್ಲಬ್ಬಿಗೆ ಬಂದಿತು.

ಆಟ ನಿಲ್ಲಿಸಿದ ಬಳಿಕ ಅವರು ಬಾಳಿದ್ದು ಹುಟ್ಟೂರಾದ ಬೆಂಗಳೂರಿನಲ್ಲೇ. ಕಲ್ಕತ್ತೆಯಲ್ಲಿ ಸಾವಿರಾರು ಜನ ಹೆಸರು ಹಿಡಿದು ಕೂಗಿದವರು ಇಲ್ಲಿ ಬೀದಿಯಲ್ಲಿ ನಡೆದರೆ ಗುರುತಿಸುವವರು ವಿರಳವಾದರು. ಕ್ರೀಡಾಪಟುಗಳಿಗೆ ಅರ್ಜುನ ಪ್ರಶಸ್ತಿ ಆರಂಭವಾದದ್ದು 1961ರಲ್ಲಿ. ಆ ಹೊತ್ತಿಗೆ ಅವರು ಮೈದಾನದಿಂದ ಸರಿದಿದ್ದರು. ಹತ್ತು ವರ್ಷ ಮೊದಲು ಏಷ್ಯದ ಚಿನ್ನ ಗೆದ್ದವರನ್ನು ಸರ್ಕಾರಗಳು ಹಿಂದಿರುಗಿ ನೋಡಿ ನೆನೆಯಬೇಕಾಗಿತ್ತು, ನೆನೆದದ್ದು ಸಾಲದು. ಕಲ್ಕತ್ತೆಯ ಅಭಿಮಾನಿಗಳು ಮಾತ್ರ ಮರೆಯಲಿಲ್ಲ. ಅವರ ಆಟವನ್ನು ಎಂದೂ ಕಾಣದ ಮೊಮ್ಮಕ್ಕಳ ತಲೆಮಾರಿಗೂ ಆ ಐದು ಹೆಸರುಗಳು ಬಾಯಿಪಾಠವಾಗಿದ್ದವು.

ಲಂಡನ್ನಿಗೆ ಹೋಗಿದ್ದ ಸಂಗಡಿಗರು ಒಬ್ಬೊಬ್ಬರಾಗಿ ಮರೆಯಾದರು. ಕೊನೆಯವರೆಗೆ ಉಳಿದ ಕೆಲವೇ ಮಂದಿಯಲ್ಲಿ ಖಾನರು ಒಬ್ಬರು. 2017ರ ಆಗಸ್ಟ್ 27ರಂದು, ತೊಂಬತ್ತನೆಯ ವಯಸ್ಸಿನಲ್ಲಿ, ಅವರು ಬೆಂಗಳೂರಿನಲ್ಲಿ ನಿಧನರಾದರು.