ತಗಡಿನ ಡಬ್ಬಿಯಲ್ಲಿ ಎರಕ ಹೊಯ್ದು ದಾಖಲೆ ಮುರಿದ ಬರ್ಟ್ ಮನ್ರೋ

ಕಂಪನಿಯಿಂದ ಹೊರಬಂದಾಗ ಆ ಬೈಕಿನ ಗರಿಷ್ಠ ವೇಗ ಗಂಟೆಗೆ 89 ಕಿ.ಮೀ. ಅದೇ ಬೈಕು 47 ವರ್ಷಗಳ ನಂತರ ಅಮೆರಿಕದ ಉಪ್ಪಿನ ಬಯಲಿನಲ್ಲಿ 296 ಕಿ.ಮೀ. ವೇಗದ ದಾಖಲೆ ಬರೆಯಿತು. ಅದನ್ನು ಓಡಿಸಿದವರಿಗೆ ಆಗ 68 ವರ್ಷ, ಜೊತೆಗೆ ಎದೆನೋವಿನ ಕಾಯಿಲೆ ಬೇರೆ! ಹಿಂದೆ ದೊಡ್ಡ ಕಾರ್ಖಾನೆ ಇರಲಿಲ್ಲ, ಎಂಜಿನಿಯರುಗಳ ತಂಡವೂ ಇರಲಿಲ್ಲ. ಇದ್ದದ್ದು ಒಂದು ಶೆಡ್ಡು, ಕೆಲವು ಅರಗಳು, ಹಳೆಯ ತಗಡಿನ ಡಬ್ಬಿಗಳು.

ಹರ್ಬರ್ಟ್ ಜೇಮ್ಸ್ ಮನ್ರೋ ಹುಟ್ಟಿದ್ದು 1899ರ ಮಾರ್ಚ್ 25ರಂದು, ಬೆಳೆದದ್ದು ನ್ಯೂಜಿಲೆಂಡಿನ ದಕ್ಷಿಣ ತುದಿಯ ಇನ್‌ವರ್‌ಕಾರ್ಗಿಲ್ ಪಟ್ಟಣದ ಹತ್ತಿರದ ಎಡೆನ್‌ಡೇಲ್‌ನಲ್ಲಿ. ಅವಳಿ ಮಕ್ಕಳಲ್ಲಿ ಜೊತೆಗೆ ಹುಟ್ಟಿದ ತಂಗಿ ಉಳಿಯಲಿಲ್ಲ. ತಂದೆಯದು ಬೇಸಾಯ. ಹುಡುಗನಿಗೆ ಹೊಲದ ಕೆಲಸಕ್ಕಿಂತ ವೇಗದ ಮೇಲೇ ಮನಸ್ಸು. ಮನೆಯವರಿಗೆ ಇದು ಇಷ್ಟವಿರಲಿಲ್ಲ. ಸುರಂಗ ಕೊರೆಯುವ ಕಡೆ ಸ್ವಲ್ಪ ಕಾಲ ದುಡಿದರು, ತಂದೆ ಕರೆದಾಗ ಮತ್ತೆ ಹೊಲಕ್ಕೆ ಬಂದರು, ಬೈಕ್ ಓಟವನ್ನೇ ವೃತ್ತಿ ಮಾಡಿಕೊಂಡು ಕೆಲ ಕಾಲ ಓಡಿಸಿದರು. ಜಗತ್ತಿಗೆಲ್ಲ ಆರ್ಥಿಕ ಕುಸಿತ ಬಡಿದಾಗ ಪುನಃ ಊರಿಗೆ ಬಂದು, ಕೊನೆಗೆ ಬೈಕು ಮಾರುವ ಮತ್ತು ರಿಪೇರಿ ಮಾಡುವ ಕೆಲಸ ಹಿಡಿದರು.

ಹೆಸರಿನದ್ದೂ ಒಂದು ಸಣ್ಣ ಕಥೆ ಇದೆ. ಊರಿನವರಿಗೆ ಅವರು ಬರ್ಟ್. 1957ರಲ್ಲಿ ಅಮೆರಿಕದ ಒಂದು ಪತ್ರಿಕೆ ಆ ಹೆಸರಿನ ಇಂಗ್ಲಿಷ್ ಕಾಗುಣಿತದಲ್ಲಿ 'ಇ' ಬದಲು 'ಯು' ಹಾಕಿತು. ಮನ್ರೋ ತಿದ್ದಲು ಹೋಗದೆ ಅದನ್ನೇ ಇಟ್ಟುಕೊಂಡರು. ಕನ್ನಡದಲ್ಲಿ ಬರೆದರೆ ಎರಡೂ ಒಂದೇ, ನಮಗೆ ಆ ತೊಂದರೆ ಇಲ್ಲ.

ಅವರ ಬದುಕಿಗೆ ತಿರುವು ಕೊಟ್ಟದ್ದು 1920. ಆ ವರ್ಷ ಅವರು ಇಂಡಿಯನ್ ಸ್ಕೌಟ್ ಎಂಬ ಹೊಸ ಬೈಕು ಕೊಂಡರು. ಹೆಸರು ನೋಡಿ ಇದು ಭಾರತದ ಬೈಕು ಎಂದುಕೊಳ್ಳಬೇಡಿ. ಇಂಡಿಯನ್ ಎಂಬುದು ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಪಟ್ಟಣದ ಕಂಪನಿ, ಆ ಹೆಸರು ಅಲ್ಲಿನ ಮೂಲನಿವಾಸಿಗಳನ್ನು ಸೂಚಿಸುವಂಥದ್ದು. ಎರಡು ಸಿಲಿಂಡರು, ಸುಮಾರು 600 ಸಿಸಿ, ಕೈಯಲ್ಲಿ ಹಾಕುವ ಮೂರು ಗೇರು, ಕಾಲಲ್ಲಿ ಒತ್ತುವ ಕ್ಲಚ್ಚು. ಸ್ಕೌಟ್ ಮಾದರಿಯಲ್ಲಿ ಇದು 627ನೆಯದು. ಕೊಂಡ ಆರು ವರ್ಷಕ್ಕೆ, ಅಂದರೆ 1926ರಲ್ಲಿ, ಮನ್ರೋ ಅದನ್ನು ಬಿಚ್ಚಲು ಶುರು ಮಾಡಿದರು. ಆಮೇಲೆ ಆ ಕೆಲಸ ಮುಗಿಯಲೇ ಇಲ್ಲ ಎನ್ನಬಹುದು.

ಈಗ ಕಸ್ಟಮ್ ಬೈಕ್ ಎಂದರೆ ಬಣ್ಣ, ಅಗಲದ ಟೈರು, ಕಿವಿ ಕಿತ್ತುಹೋಗುವ ಸೈಲೆನ್ಸರು ಎಂದು ಆಗಿದೆ. ಮನ್ರೋ ಅವರ ಬೈಕು ಚೆಂದ ಇರಲಿಲ್ಲ. ಅದರಲ್ಲಿ ಬದಲಾದ ಪ್ರತಿ ಭಾಗವೂ ವೇಗಕ್ಕಾಗಿಯೇ ಬದಲಾಯಿತು. ಬೈಕ್ ಪ್ರಿಯರು ಇವತ್ತಿಗೂ ಅವರ ಹೆಸರು ಹೇಳುವುದು ಈ ಕಾರಣಕ್ಕೆ.

ಬಿಡಿಭಾಗ ಕೊಳ್ಳಲು ಹಣ ಇರಲಿಲ್ಲ. ಹಣ ಇದ್ದರೂ ಅವರಿಗೆ ಬೇಕಾದ ಭಾಗ ಯಾವ ಅಂಗಡಿಯಲ್ಲೂ ಸಿಗುವಂತಿರಲಿಲ್ಲ. ಆದ್ದರಿಂದ ಲೋಹ ಕರಗಿಸಿ ಹಳೆಯ ಡಬ್ಬಿಗಳಲ್ಲಿ ಎರಕ ಹೊಯ್ದರು. ಪಿಸ್ಟನ್, ಸಿಲಿಂಡರ್ ಬ್ಯಾರೆಲ್, ಫ್ಲೈವೀಲ್ ಎಲ್ಲವೂ ಅವರದೇ ತಯಾರಿ. ಪಿಸ್ಟನ್ನಿಗೂ ಕ್ರ್ಯಾಂಕಿಗೂ ನಡುವಿನ ಕನೆಕ್ಟಿಂಗ್ ರಾಡ್ ಎಂಜಿನಿನಲ್ಲೇ ಅತಿ ಹೆಚ್ಚು ಎಳೆತ ತಿನ್ನುವ ಭಾಗ. ಅದನ್ನು ಟ್ರ್ಯಾಕ್ಟರಿನ ಆಕ್ಸಲ್ ಉಕ್ಕಿನಿಂದ ಕೈಯಲ್ಲೇ ಉಜ್ಜಿ ಉಜ್ಜಿ ಆಕಾರಕ್ಕೆ ತಂದರು. ಅಳತೆ ನೋಡಲು ಚಕ್ರದ ಹಳೆಯ ಕಡ್ಡಿಯೇ ಮೈಕ್ರೋಮೀಟರ್! ಹಗಲು ಅಂಗಡಿ ಕೆಲಸ, ರಾತ್ರಿ ಶೆಡ್ಡು. ಸ್ಕೌಟ್ ಜೊತೆಗೆ 1936ರ ವೆಲೊಸೆಟ್ ಬೈಕೊಂದೂ ಅವರ ಕೈಯಲ್ಲಿ ಇದೇ ಬಗೆಯ ಸಂಸ್ಕಾರ ಪಡೆಯಿತು.

ಮಾಡಿದ್ದು ಬಹಳ ಸಲ ಮುರಿಯಿತು. ಪಿಸ್ಟನ್ ಒಡೆಯಿತು, ರಾಡು ತುಂಡಾಯಿತು, ಸಿಲಿಂಡರು ಸೀಳಿತು. ಹಾಳಾದ ಭಾಗಗಳನ್ನು ಅವರು ಎಸೆಯಲಿಲ್ಲ. ಶೆಡ್ಡಿನಲ್ಲಿ ಒಂದು ಕಪಾಟಿನ ಮೇಲೆ ಸಾಲಾಗಿ ಇಟ್ಟು, ವೇಗದ ದೇವರಿಗೆ ಸಲ್ಲಿಸಿದ ಕಾಣಿಕೆ ಎಂದು ಬರೆದಿಟ್ಟರು.

ಮುಖ್ಯ ಬದಲಾವಣೆ ಆದದ್ದು ವಾಲ್ವುಗಳಲ್ಲಿ. ಕಂಪನಿ ಎಂಜಿನಿನಲ್ಲಿ ವಾಲ್ವು ಸಿಲಿಂಡರಿನ ಪಕ್ಕದಲ್ಲಿತ್ತು. ಪೆಟ್ರೋಲ್ ಬೆರೆತ ಗಾಳಿ ಸುತ್ತಿ ಬಳಸಿ ಒಳಗೆ ಹೋಗಬೇಕು, ಹೊಗೆ ಹಾಗೆಯೇ ಹೊರಬರಬೇಕು. ಎಂಜಿನ್ ಜೋರಾಗಿ ತಿರುಗಿದಂತೆ ಅದಕ್ಕೆ ಉಸಿರು ಕಟ್ಟುತ್ತದೆ. ಮನ್ರೋ ವಾಲ್ವನ್ನು ತಲೆಯ ಮೇಲಕ್ಕೆ ತಂದರು. ಎಣ್ಣೆ ಹರಿಯುವ ವ್ಯವಸ್ಥೆಯನ್ನು ಬದಲಿಸಿದರು. ಬೋರ್ ದೊಡ್ಡದು ಮಾಡುತ್ತಾ 850 ಸಿಸಿ, ಆಮೇಲೆ 920, ಕೊನೆಗೆ 950ಕ್ಕೆ ಒಯ್ದರು.

ಆದರೆ ಬರೀ ಸಿಸಿ ಏರಿಸಿದರೆ ಸಾಲದು. ವೇಗ ಎರಡು ಪಟ್ಟಾದರೆ ಗಾಳಿಯನ್ನು ಸೀಳಲು ಬೇಕಾಗುವ ಶಕ್ತಿ ಎಂಟು ಪಟ್ಟು. 89ರಿಂದ 296ಕ್ಕೆ, ಎಂದರೆ ಮೂರೂಕಾಲು ಪಟ್ಟಿಗಿಂತ ಸ್ವಲ್ಪ ಹೆಚ್ಚು ವೇಗಕ್ಕೆ, ಹಳೆಯ ಆಕಾರದಲ್ಲೇ ಹೋಗುವುದಾದರೆ ಸುಮಾರು 37 ಪಟ್ಟು ಶಕ್ತಿ ಬೇಕು. ಎಂಜಿನ್ ದೊಡ್ಡದಾದದ್ದು ಒಂದೂವರೆ ಪಟ್ಟಿಗಿಂತ ಚೂರು ಜಾಸ್ತಿ, ಅಷ್ಟೇ. ಮಿಕ್ಕದ್ದನ್ನು ಅವರು ಎಂಜಿನಿನ ಉಸಿರಾಟದಲ್ಲಿ, ಅದು ತಿರುಗುವ ವೇಗದಲ್ಲಿ, ಬೈಕಿಗೆ ತೊಡಿಸಿದ ಉದ್ದನೆಯ ಕವಚದಲ್ಲಿ ಗಳಿಸಿಕೊಳ್ಳಬೇಕಾಯಿತು. ಆ ಕವಚ ಎಷ್ಟು ಕಿರಿದು ಎಂದರೆ ಸವಾರ ಹೊಟ್ಟೆಯ ಮೇಲೆ ಮಲಗಿಯೇ ಓಡಿಸಬೇಕು.

ಪರೀಕ್ಷೆ ನಡೆಯುತ್ತಿದ್ದದ್ದು ಇನ್‌ವರ್‌ಕಾರ್ಗಿಲ್ ಪಕ್ಕದ ಓರೆಟಿ ಕಡಲತೀರದಲ್ಲಿ. ನೀರು ಇಳಿದಾಗ ಮರಳು ಗಟ್ಟಿಯಾಗಿ ಮೈಲಿಗಟ್ಟಲೆ ರಸ್ತೆಯಂತೆ ಇರುತ್ತದೆ. 1940ರಲ್ಲಿ ಗಂಟೆಗೆ 194 ಕಿ.ಮೀ., 1957ರಲ್ಲಿ 211 ಕಿ.ಮೀ. ದಾಖಲೆ ಅವರದಾಯಿತು.

ಇದಕ್ಕೆ ಬೆಲೆ ಯಾರು ಕೊಟ್ಟರು ಎನ್ನುವುದನ್ನೂ ಹೇಳಬೇಕು. ಮನ್ರೋ ಅವರಿಗೆ ಪತ್ನಿ ಬೆರಿಲ್, ನಾಲ್ವರು ಮಕ್ಕಳು. 1947ರಲ್ಲಿ ದಂಪತಿ ವಿಚ್ಛೇದನ ಪಡೆದರು. ಆಮೇಲೆ ಮನ್ರೋ ಕೆಲಸ ಬಿಟ್ಟು, ಬೈಕು ನಿಲ್ಲಿಸುವ ಗ್ಯಾರೇಜಿನಲ್ಲೇ ಮಲಗಿ ಎದ್ದು, ಪೂರ್ತಿ ಯಂತ್ರದ ಜೊತೆಗೇ ಉಳಿದರು. 2005ರಲ್ಲಿ ಅವರ ಮೇಲೆ ಬಂದ ಇಂಗ್ಲಿಷ್ ಸಿನಿಮಾದಲ್ಲಿ ಆಂಥೊನಿ ಹಾಪ್ಕಿನ್ಸ್ ಮಾಡಿದ ಪಾತ್ರ ಎಲ್ಲರಿಗೂ ಬೇಕಾದ ಒಬ್ಬ ಸಾಧು ಮುದುಕ. ಸಿನಿಮಾ ಚೆನ್ನಾಗಿದೆ, ನೋಡಬಹುದು. ಆದರೆ ಹಲವು ವರ್ಷಗಳ ಪ್ರಯಾಣವನ್ನು ಅದು ಒಂದೇ ಪ್ರಯಾಣ ಮಾಡಿ ತೋರಿಸುತ್ತದೆ. ಆ ಶೆಡ್ಡಿನ ಹಿಂದಿದ್ದ ಒಂಟಿತನ ಅದರಲ್ಲಿ ಸ್ವಲ್ಪ ಹಗುರವಾಗಿಯೇ ಕಾಣುತ್ತದೆ.

ಬಾನ್‌ವಿಲ್ ಇರುವುದು ಅಮೆರಿಕದ ಯೂಟಾ ರಾಜ್ಯದಲ್ಲಿ. ಬತ್ತಿಹೋದ ಪ್ರಾಚೀನ ಸರೋವರದ ಉಪ್ಪು ಕಣ್ಣು ಹಾಯುವವರೆಗೂ ಸಮತಟ್ಟಾಗಿ ಹಾಸಿದೆ. ಜಗತ್ತಿನ ವೇಗದ ಹುಚ್ಚರೆಲ್ಲ ಅಲ್ಲಿ ಸೇರುತ್ತಾರೆ. 1962ರಲ್ಲಿ, 63ನೇ ವಯಸ್ಸಿನಲ್ಲಿ, ಮನ್ರೋ ತಮ್ಮ ಸ್ಕೌಟನ್ನು ಸಮುದ್ರ ದಾಟಿಸಿ ಅಲ್ಲಿಗೆ ಒಯ್ದರು. ಅಷ್ಟರಲ್ಲಿ ಆ ಬೈಕು ಮಾಡಿದ ಕಾರ್ಖಾನೆ ತಯಾರಿ ನಿಲ್ಲಿಸಿ ಒಂಬತ್ತು ವರ್ಷ ಆಗಿತ್ತು. ಮಾಡಿದ ಕಂಪನಿಯೇ ಇಲ್ಲ, ಬೈಕು ಮಾತ್ರ ಓಡುತ್ತಿದೆ! ಆ ವರ್ಷ 883 ಸಿಸಿ ವಿಭಾಗದಲ್ಲಿ ಗಂಟೆಗೆ 288 ಕಿ.ಮೀ. ದಾಖಲೆಯಾಯಿತು. 1966ರಲ್ಲಿ 1000 ಸಿಸಿ ವಿಭಾಗದಲ್ಲಿ 270 ಕಿ.ಮೀ.

1967ರ ಓಟದಲ್ಲಿ ಜೀವ ಹೋಗುವುದರಲ್ಲಿತ್ತು. ಅರ್ಧ ದಾರಿ ದಾಟಿದ ಮೇಲೆ ಬೈಕು ಅದುರಿ ಓಲಾಡತೊಡಗಿತು. ವೇಗ ಇಳಿಸಲು ಮನ್ರೋ ಮಲಗಿದ್ದಲ್ಲಿಂದ ಮೈ ಮೇಲೆತ್ತಿದರು. ಗಾಳಿಯ ಹೊಡೆತಕ್ಕೆ ಕನ್ನಡಕ ಹಾರಿಹೋಯಿತು, ಕಣ್ಣು ಕಾಣದಾಯಿತು. ದಾರಿ ಗುರುತಿನ ಕಬ್ಬಿಣದ ಗೂಟ ಅಂಗುಲಗಳ ಅಂತರದಲ್ಲಿ ತಪ್ಪಿತು. ಬೈಕನ್ನು ಮಗ್ಗುಲಿಗೆ ಮಲಗಿಸಿ ಉಪ್ಪಿನ ಮೇಲೆ ಜಾರಿಸಿಯೇ ನಿಲ್ಲಿಸಿದರು. ಮೈ ತರಚಿದ್ದು ಬಿಟ್ಟರೆ ದೊಡ್ಡ ಪೆಟ್ಟಾಗಲಿಲ್ಲ.

ಅದೇ ವರ್ಷ ಅರ್ಹತಾ ಓಟದಲ್ಲಿ ಒಂದು ದಿಕ್ಕಿಗೆ ಗಂಟೆಗೆ 305.89 ಕಿ.ಮೀ. ಮುಟ್ಟಿದರು. ಅಧಿಕೃತವಾಗಿ ಅಳೆದ ಲೆಕ್ಕದಲ್ಲಿ ಆಗಿನವರೆಗೆ ಇಂಡಿಯನ್ ಬೈಕೊಂದರ ಅತ್ಯಧಿಕ ವೇಗ ಅದು. ಆದರೆ ಒಂದು ದಿಕ್ಕಿನ ಓಟ ದಾಖಲೆಗೆ ಬರುವುದಿಲ್ಲ. ಹಿಂದಿನಿಂದ ಗಾಳಿ ಬೀಸಿದರೆ ಯಾರ ಬೈಕೂ ಜೋರಾಗಿಯೇ ಓಡುತ್ತದಲ್ಲ! ಹೋಗಿ ಬಂದ ಎರಡೂ ಓಟಗಳ ಸರಾಸರಿಯೇ ದಾಖಲೆ. ಹಾಗೆ 1000 ಸಿಸಿ ವಿಭಾಗದಲ್ಲಿ 295.45 ಕಿ.ಮೀ. ಎಂದು ಬರೆದುಕೊಂಡರು.

1977ರಲ್ಲಿ ಅವರಿಗೆ ಪಾರ್ಶ್ವವಾಯು ಬಡಿಯಿತು. ತಮ್ಮ ನಂತರ ಬೈಕುಗಳು ದೂರದೂರಿಗೆ ಹೋಗಬಾರದೆಂದು ಎರಡನ್ನೂ ಸ್ಥಳೀಯ ವ್ಯಾಪಾರಿಯೊಬ್ಬರಿಗೆ ಮಾರಿದರು. 1978ರ ಜನವರಿ 6ರಂದು ನಿಧನರಾದರು.

ಲೆಕ್ಕ ಅಲ್ಲಿಗೂ ಮುಗಿಯಲಿಲ್ಲ. 1967ರ ಎರಡು ಓಟಗಳು ಗಂಟೆಗೆ 184.710 ಮತ್ತು 183.463 ಮೈಲಿ. ಸರಾಸರಿ 184.087 ಮೈಲಿ ಆಗಬೇಕು. ದಾಖಲೆಯಲ್ಲಿ ಇದ್ದದ್ದು 183.586. ಮಗ ಜಾನ್ ಇದನ್ನು ಗುರುತಿಸಿ ತಿಳಿಸಿದರು. ಅಮೆರಿಕದ ಮೋಟಾರ್‌ಸೈಕಲ್ ಸಂಘ 2014ರಲ್ಲಿ ತಿದ್ದುಪಡಿ ಮಾಡಿ, ತಂದೆ ತೀರಿಕೊಂಡ 36 ವರ್ಷದ ನಂತರ ಅವರ ವೇಗವನ್ನು 296.26 ಕಿ.ಮೀ.ಗೆ ಏರಿಸಿತು. ಬೈಕು ಇನ್‌ವರ್‌ಕಾರ್ಗಿಲ್‌ನ ಹೇಸ್ ಹಾರ್ಡ್‌ವೇರ್ ಅಂಗಡಿಗೆ ಸೇರಿತು. ಮೊಳೆ, ಬೋಲ್ಟು, ಸ್ಪ್ಯಾನರು ಕೊಳ್ಳಲು ಬಂದವರು ಅದನ್ನೂ ನೋಡಿಕೊಂಡು ಹೋಗುತ್ತಾರೆ.