ಬೂದಿಗುಡ್ಡ ಕಂಡ ಬ್ರೂಸ್ ಫೂಟ್

ರಾಬರ್ಟ್ ಬ್ರೂಸ್ ಫೂಟ್ ಹುಟ್ಟಿದ್ದು 1834ರಲ್ಲಿ, ಇಂಗ್ಲೆಂಡಿನಲ್ಲಿ. 1858ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆ ಸೇರಿದರು. 1863ರಲ್ಲಿ ಮದ್ರಾಸಿನ ಬಳಿಯ ಪಲ್ಲಾವರಂನಲ್ಲಿ ಅವರಿಗೆ ಸಿಕ್ಕ ಕೈಗೊಡಲಿಯನ್ನು ಎಲ್ಲ ಪುಸ್ತಕಗಳೂ ಹೇಳುತ್ತವೆ. ಸಿರುಗುಪ್ಪ ಸೀಮೆಯಲ್ಲಿ ಬೋಧನಾಭ್ಯಾಸ ಮಾಡುವ ನಮಗೆ ಅವರ ಬಳ್ಳಾರಿಯ ದಿನಗಳೇ ಹೆಚ್ಚು ಮುಖ್ಯವೆಂದು ನನ್ನ ಅನಿಸಿಕೆ.

ಬಂದದ್ದು ಕಲ್ಲು, ಅದಿರು ಗುರುತಿಸಲು. ತಿರುಗಾಡುತ್ತಲೇ ಕಪ್ಪಗಲ್ಲು ಬೆಟ್ಟದಲ್ಲಿ ಕಲ್ಲುಕೊಡಲಿ ಮಾಡುತ್ತಿದ್ದ ಜಾಗ ಕಂಡರು, ಬೂದಿಗುಡ್ಡಗಳನ್ನು ಪರಿಶೀಲಿಸಿದರು. ಜನರು ಈ ಬೂದಿಯನ್ನು ಪುರಾಣಕ್ಕೆ ಜೋಡಿಸುತ್ತಾರೆ. ಹಂಪಿ ಬಳಿಯ ನಿಂಬಾಪುರದ್ದು ವಾಲಿಯ ಚಿತೆಯಂತೆ. ಫೂಟ್ ಅವರಿಗೆ ಅದರಲ್ಲಿ ಕಂಡದ್ದು ದನದ ಹಟ್ಟಿಯ ಸುಟ್ಟ ಸಗಣಿ. ಇಪ್ಪತ್ತನೆಯ ಶತಮಾನದ ಪ್ರಯೋಗಾಲಯದ ಪರೀಕ್ಷೆಗಳು ಅದನ್ನೇ ಹೇಳಿದವು. ಊರಿನ ತಿಪ್ಪೆ ನೋಡಿ ಬೆಳೆದ ನಮ್ಮ ಮಕ್ಕಳಿಗೆ ಇದು ಬೇಗ ಅರ್ಥವಾಗುತ್ತದೆ.

1891ರಲ್ಲಿ ನಿವೃತ್ತರಾದರು. 1894ರಲ್ಲಿ ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಗೆ ಮೊದಲ ಮುಖ್ಯಸ್ಥರಾದರು. ತಾವು ಕೂಡಿಟ್ಟ ಪ್ರಾಚೀನ ವಸ್ತುಗಳನ್ನು 1904ರಲ್ಲಿ ಮದ್ರಾಸ್ ವಸ್ತುಸಂಗ್ರಹಾಲಯಕ್ಕೆ ಕೊಟ್ಟರು. 1912ರಲ್ಲಿ ತೀರಿಕೊಂಡರು, ಆ ಸಂಗ್ರಹದ ವಿವರಪಟ್ಟಿ ಅಚ್ಚಾದದ್ದು ಅನಂತರ.

ಆ ವಿಂಗಡಣೆಯಲ್ಲಿ ಎರಡು ಶಿಲಾಯುಗ, ಎರಡು ಕಬ್ಬಿಣಯುಗ. ನಡುವೆ ತಾಮ್ರಕ್ಕೂ ಕಂಚಿಗೂ ಮನೆಯಿಲ್ಲ. ಅವರ ಮುಂದಿದ್ದದ್ದು ಹೆಚ್ಚಾಗಿ ನೆಲದ ಮೇಲೆ ಆಯ್ದ ವಸ್ತುಗಳು. ಪದರ ಪದರವಾಗಿ ಅಗೆದ ಮೇಲೆ ಚಿತ್ರ ಬದಲಾಯಿತು: 1947ರಲ್ಲಿ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ, 1963-64ರಲ್ಲಿ ನಮ್ಮದೇ ತಾಲ್ಲೂಕಿನ ತೆಕ್ಕಲಕೋಟೆ. ನಯಗೊಳಿಸಿದ ಕಲ್ಲುಕೊಡಲಿ ಬಳಸಿದವರ ನೆಲೆಯಲ್ಲೇ ತಾಮ್ರ ಸಿಕ್ಕಿತು.

ಈ ಪಾಠಕ್ಕೆ ನಾನು ಕಿಲುಬು ಹಿಡಿದ ತಾಮ್ರದ ತಂಬಿಗೆ, ಕಂಚಿನ ಗಂಟೆ ಎರಡನ್ನೂ ಒಯ್ಯುತ್ತೇನೆ. ಹಸಿರು ಕಿಲುಬಿನ ಮೇಲೆ ಕಣ್ಣಿಗೆ ವ್ಯತ್ಯಾಸ ತಿಳಿಯದು. ತಾಮ್ರಕ್ಕೆ ತವರ ಬೆರೆತರೆ ಕಂಚು. ಎಷ್ಟು ತವರ ಎಂಬುದನ್ನು ರಾಸಾಯನಿಕ ವಿಶ್ಲೇಷಣೆಯೇ ಹೇಳಬೇಕು. ಕ್ಷಕಿರಣ ಬಿಟ್ಟು ಮರಳಿ ಬರುವ ಕಿರಣ ಅಳೆದರೆ ವಸ್ತುವಿಗೆ ಪೆಟ್ಟಿಲ್ಲ, ಆದರೆ ಅದು ಓದುವುದು ಮೇಲ್ಮೈಯನ್ನು. ಕಿಲುಬಿನ ಪದರದಲ್ಲಿ ಲೋಹಗಳ ಪ್ರಮಾಣ ಒಳಗಿನಂತಿರುವುದಿಲ್ಲ. ಅದಕ್ಕೇ ಒಳಗಿನಿಂದ ಸಾಸಿವೆಯಷ್ಟು ಪುಡಿ ಕೊರೆದು ತೆಗೆಯುವುದೂ ಉಂಟು. ಪುರಾತನ ವಸ್ತುವನ್ನು ಕೊರೆಯಬಹುದೇ ಎಂಬ ಚರ್ಚೆಗೆ ಹತ್ತು ನಿಮಿಷ ಬಿಡಿ, ತರಗತಿ ತಾನಾಗಿ ಎರಡು ಗುಂಪಾಗುತ್ತದೆ.

ಕೊನೆಯಲ್ಲಿ ಫೂಟ್ ಅವರ ನಾಲ್ಕು ಯುಗಗಳನ್ನು ಕರಿಹಲಗೆಯ ಮೇಲೆ ಬರೆದು, ತೆಕ್ಕಲಕೋಟೆಯ ತಾಮ್ರವನ್ನು ಎಲ್ಲಿಡುವಿರಿ ಎಂದು ಕೇಳಿ ಸೀಮೆಸುಣ್ಣವನ್ನು ಮಕ್ಕಳ ಕೈಗೆ ಕೊಡುತ್ತೇನೆ.