ನಾಯಕರು ದಾಸರಾದುದು

ಪುಷ್ಯ ಬಹುಳ ಅಮಾವಾಸ್ಯೆಯು ಶ್ರೀ ಪುರಂದರದಾಸರ ಪುಣ್ಯದಿನ. ಅಂದು ನಮ್ಮ ಮಠಮಂದಿರಗಳಲ್ಲಿ ದಾಸರ ಪದಗಳ ಗಾಯನ, ಪ್ರವಚನ, ತೀರ್ಥಪ್ರಸಾದಗಳು ಶ್ರದ್ಧೆಯಿಂದ ನಡೆಯುತ್ತವೆ. ದಾಸರನ್ನು ನೆನೆದೊಡನೆ ತಂಬೂರಿ ಹಿಡಿದು, ಗೆಜ್ಜೆ ಕಟ್ಟಿದ ಮೂರ್ತಿಯು ನಮ್ಮ ಕಣ್ಣೆದುರು ನಿಲ್ಲುತ್ತದೆ. ಅವರ ಆಯುಷ್ಯದ ಪೂರ್ವಾರ್ಧದಲ್ಲಿ ಆ ಮೂರ್ತಿಯು ಇರಲೇ ಇಲ್ಲವೆಂಬುದನ್ನು ನಾವು ಮರೆತುಬಿಡುತ್ತೇವೆ.

ರೂಢಿಯ ಲೆಕ್ಕದಂತೆ ದಾಸರ ಜನನವು 1484ರಲ್ಲಿ. ತಂದೆ ವರದಪ್ಪನಾಯಕರು ಶ್ರೀಮಂತ ವರ್ತಕರು. ಮಗನಿಗೆ ಶ್ರೀನಿವಾಸನೆಂದು ಹೆಸರಾಯಿತು. ತಂದೆಯ ವ್ಯಾಪಾರವನ್ನು ಮಗನು ಕೈಗೆತ್ತಿಕೊಂಡು ಬೆಳೆಸಿದನು. ಚಿನ್ನ, ರತ್ನ, ಗಿರವಿ, ಬಡ್ಡಿ ಇವುಗಳ ನಡುವೆ ವರ್ಷಗಳು ಉರುಳಿದವು. ಜನರು ನವಕೋಟಿನಾರಾಯಣನೆಂದು ಕರೆಯತೊಡಗಿದರು. ಲೋಕವು ಕೊಟ್ಟ ಆ ಹೆಸರನ್ನೇ ತಾನೆಂದು ನಂಬುವುದಕ್ಕೆ ನಾಯಕರಿಗೆ ಹೆಚ್ಚು ಕಾಲ ಬೇಕಾಗಲಿಲ್ಲ. ನಮ್ಮಲ್ಲಿ ಯಾರಿಗೆ ತಾನೇ ಬೇಕಾಗುತ್ತದೆ?

ಮುಂದಿನ ಕಥೆಯನ್ನು ನಮ್ಮ ಮನೆಗಳಲ್ಲಿ ಮಕ್ಕಳೂ ಬಲ್ಲರು. ಮಗನ ಉಪನಯನಕ್ಕೆಂದು ದ್ರವ್ಯ ಬೇಡಿ ಬಂದ ಬಡ ಬ್ರಾಹ್ಮಣನನ್ನು ನಾಯಕರು ಇಂದು ನಾಳೆ ಎಂದು ತಿರುಗಿಸಿ, ಕೊನೆಗೆ ಸವೆದ ನಾಣ್ಯಗಳನ್ನು ಮುಂದಿಟ್ಟರು. ಆತನು ಅವರ ಪತ್ನಿ ಸರಸ್ವತೀಬಾಯಿಯವರಲ್ಲಿಗೆ ಹೋದನು. ಆ ಸಾಧ್ವಿಯು ತವರಿನಿಂದ ಬಂದ ಮೂಗುತಿಯನ್ನು ದಾನವಾಗಿತ್ತಳು. ಅದೇ ಮೂಗುತಿಯು ನಾಯಕರ ಅಂಗಡಿಗೆ ಬಂದಿತು. ಗುರುತಿಸಿದ ನಾಯಕರು ಅದನ್ನು ಪೆಟ್ಟಿಗೆಯಲ್ಲಿಟ್ಟು ಬೀಗಹಾಕಿ ಮನೆಗೆ ಬಂದು ಮೂಗುತಿಯೆಲ್ಲಿ ಎಂದು ಕೇಳಿದರು. ಭಯದಿಂದ ವಿಷ ಕುಡಿಯಹೊರಟ ಪತ್ನಿಯ ಬಟ್ಟಲಿನಲ್ಲಿ ಮೂಗುತಿಯು ದೊರೆಯಿತು. ಇತ್ತ ಅಂಗಡಿಯ ಪೆಟ್ಟಿಗೆಯು ಬರಿದಾಗಿತ್ತು.

ಮಹಿಮೆಯನ್ನು ಕೊಂಡಾಡಿ ನಾವು ಇಲ್ಲಿಗೇ ನಿಲ್ಲಿಸುವುದುಂಟು. ಆದರೆ ಬರಿದಾದ ಪೆಟ್ಟಿಗೆಯ ಮುಂದೆ ನಿಂತ ಆ ವರ್ತಕರ ಮನಸ್ಸನ್ನು ಚಿಂತಿಸಬೇಕು. ಬೀಗವೂ ತನ್ನದು, ಬೀಗದ ಕೈಯೂ ತನ್ನದು. ಒಳಗಿನ ವಸ್ತು ಮಾತ್ರ ತನ್ನ ಮಾತು ಕೇಳಲಿಲ್ಲ. ಹಾಗಾದರೆ ಇಷ್ಟು ವರ್ಷ ತನ್ನದೆಂದು ಬರೆದಿಟ್ಟುದೆಲ್ಲ ಯಾರದು? ಬರೆದ ತಾನಾದರೂ ಯಾರು? ವಯಸ್ಸು ನಲವತ್ತರ ಆಸುಪಾಸಿಗೆ ಬಂದಾಗ, ಸಂಸಾರ ಬೆಳೆದು ಹೆಸರು ನಿಂತಮೇಲೆ, ಈ ಪ್ರಶ್ನೆಯನ್ನು ಕೇಳಿಕೊಳ್ಳುವುದು ಸುಲಭವಲ್ಲ. ಉತ್ತರವು ಬದುಕನ್ನೇ ಬೇಡೀತೆಂಬ ಅಂಜಿಕೆಯಿರುತ್ತದೆ. ನಾಯಕರು ಅಂಜಲಿಲ್ಲ. ಸರ್ವಸ್ವವನ್ನೂ ದಾನಮಾಡಿ, ಹೆಂಡತಿ ಮಕ್ಕಳೊಡನೆ ವಿಜಯನಗರಕ್ಕೆ ನಡೆದರು. ಅಲ್ಲಿ ಶ್ರೀ ವ್ಯಾಸರಾಜರು ಅವರಿಗೆ ದಾಸದೀಕ್ಷೆಯನ್ನೂ ಪುರಂದರವಿಠಲನೆಂಬ ಅಂಕಿತವನ್ನೂ ಅನುಗ್ರಹಿಸಿದರು. ಅದು 1525ನೆಯ ಇಸವಿ ಎನ್ನುತ್ತಾರೆ.

ಹಳೆಯ ವರ್ತಕನು ಆ ದಿನವೇ ಅಳಿದನೆಂದು ಹೇಳಲಾಗದು. ದಾಸರ ಪದಗಳಲ್ಲಿ ಸಂತೆಯಿದೆ, ಸರಕಿದೆ, ಲಾಭನಷ್ಟದ ಮಾತಿದೆ. ಹರಿನಾಮವನ್ನೇ ಕಲ್ಲುಸಕ್ಕರೆಯಾಗಿ ಮಾರುವ ವ್ಯಾಪಾರಿಯಿದ್ದಾನೆ. ಕೈಗೆ ಬಂದ ವಿದ್ಯೆಯು ಹಾಗೆಯೇ ಉಳಿದು, ಒಡೆಯನು ಮಾತ್ರ ಬದಲಾದನು. ಸಂಗೀತ ಕಲಿಯುವ ಮಕ್ಕಳಿಗೆ ಮಾಯಾಮಾಳವಗೌಳದಲ್ಲಿ ಮೊದಲ ಪಾಠಗಳನ್ನು ಹಾಕಿಕೊಟ್ಟವರೂ ದಾಸರೇ ಎಂದು ಸಂಗೀತಲೋಕವು ಅವರನ್ನು ಪಿತಾಮಹರೆಂದು ವಂದಿಸುತ್ತದೆ.  ದಾಸರಾದ ಮೇಲೂ ಸಂಸಾರದೊಡನೆ ಊಂಛವೃತ್ತಿಯಿಂದ ಬಾಳಿ, 1564ರಲ್ಲಿ ಹರಿಪುರವನ್ನು ಸೇರಿದರು. ಹಂಪೆಯ ತುಂಗಭದ್ರಾತೀರದಲ್ಲಿ ಪುರಂದರಮಂಟಪವು ಇಂದಿಗೂ ನಿಂತಿದೆ.

ಸುಮಾರು ನಲವತ್ತು ವರ್ಷ ನಾಯಕರು, ಸುಮಾರು ನಲವತ್ತು ವರ್ಷ ದಾಸರು. ಹರಿಯೊಬ್ಬನೇ ಸ್ವತಂತ್ರ, ಜೀವನು ಸದಾ ಅವನ ಅಧೀನನೆಂಬುದು ಶ್ರೀಮದಾಚಾರ್ಯರ ಸಿದ್ಧಾಂತ. ಅದರಂತೆ ಶ್ರೀನಿವಾಸನಾಯಕರು ಪೆಟ್ಟಿಗೆಗೆ ಬೀಗಹಾಕುತ್ತಿದ್ದ ದಿನಗಳಲ್ಲಿಯೂ ದಾಸರೇ ಆಗಿದ್ದರು. ಅದು ಅವರಿಗೆ ತಿಳಿದಿರಲಿಲ್ಲ, ಅಷ್ಟೆ.

ನಮ್ಮಲ್ಲಿ ಅನೇಕರು ಕಚೇರಿಯ ಹುದ್ದೆಯನ್ನೋ ಮನೆಯ ಯಜಮಾನಿಕೆಯನ್ನೋ ತಾನೆಂದು ತಿಳಿದು ಅರ್ಧಾಯುಷ್ಯವನ್ನು ಕಳೆದಿದ್ದೇವೆ. ನಮಗೆ ಮೂಗುತಿಯ ಪವಾಡವು ನಡೆಯದಿರಬಹುದು. ಪೆಟ್ಟಿಗೆಯನ್ನು ತೆರೆದು ನೋಡುವ ಧೈರ್ಯವನ್ನಾದರೂ ದಾಸರ ಪುಣ್ಯದಿನದಂದು ಬೇಡಿಕೊಳ್ಳೋಣ.

॥ ಶ್ರೀಕೃಷ್ಣಾರ್ಪಣಮಸ್ತು ॥